ಅಡ್ಡಹೆಸರಾಗದ ಬಿರುದುಗಳು: ಕೊಳ್ಳೇಗಾಲ, ಹನೂರು, ಯಳಂದೂರು ಪರಿಸರದ ಹೆಸರುಗಳ ಒಂದು ವಿವೇಚನೆ

ಉತ್ತರ ಕರ್ನಾಟಕದಲ್ಲಿ ವ್ಯಕ್ತಿಯ ಹೆಸರಿನೊಡನೆ ಅಡ್ಡಹೆಸರು ಸಹಜವಾಗಿಯೇ ಸೇರಿಕೊಂಡು ಬರುತ್ತದೆ. ಪಾಟೀಲ, ಕುಲಕರ್ಣಿ, ದೇಸಾಯಿ, ಹಿರೇಮಠ, ಬಡಿಗೇರ ಮುಂತಾದ ಹೆಸರುಗಳು ಮನೆತನದ ವೃತ್ತಿ, ಹುದ್ದೆ ಅಥವಾ ಮಠದ ಸಂಬಂಧವನ್ನು ತಲೆಮಾರುಗಳ ಉದ್ದಕ್ಕೂ ಹೊತ್ತು ತಂದಿವೆ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಅದರಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಹನೂರು ಹಾಗೂ ಪಕ್ಕದ ಯಳಂದೂರಿನಲ್ಲಿ ಈ ಪದ್ಧತಿ ಕಾಣುವುದಿಲ್ಲ. ಅಡ್ಡಹೆಸರೇನೆಂದು ಕೇಳಿದರೆ ಇಲ್ಲಿನ ಹಿರಿಯರು ಊರನ್ನೋ ತಂದೆಯನ್ನೋ ಹೇಳುತ್ತಾರೆ. ಇನ್ನೂ ಕೆದಕಿದರೆ ‘ನಾವು ಮಾದಪ್ಪನ ಒಕ್ಕಲು’ ಅಥವಾ ‘ಸಿದ್ಧಪ್ಪಾಜಿ ಒಕ್ಕಲು’ ಎನ್ನುತ್ತಾರೆ. ಅಡ್ಡಹೆಸರಾಗಬಹುದಾಗಿದ್ದ ಬಿರುದುಗಳಿಗೆ ಈ ಸೀಮೆಯಲ್ಲಿ ಕೊರತೆಯಿರಲಿಲ್ಲ. ನೀಲಗಾರ, ದೇವರಗುಡ್ಡ, ತಂಬಡಿ, ಸಂಚಿ ಇವೆಲ್ಲವೂ ಇದ್ದವು. ಅವು ಏಕೆ ಮನೆತನದ ಹೆಸರುಗಳಾಗಲಿಲ್ಲ, ಅವುಗಳ ಕೆಲಸವನ್ನು ಇಲ್ಲಿ ಯಾವುದು ಮಾಡುತ್ತಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಿರುದೊಂದು ಅಡ್ಡಹೆಸರಾಗಿ ಗಟ್ಟಿಗೊಳ್ಳುವ ಬಗೆಯನ್ನು ತಿಳಿಯಲು ದೂರದ ಸ್ವೀಡನ್ನಿನ ಉದಾಹರಣೆ ನೆರವಾಗುತ್ತದೆ. ಅಲ್ಲಿಯೂ ಹಳ್ಳಿಗಾಡಿನ ಸಾಮಾನ್ಯರಿಗೆ ಹಿಂದೆ ಅಡ್ಡಹೆಸರಿರಲಿಲ್ಲ. ತಂದೆಯ ಹೆಸರಿಗೆ ‘ಮಗ’ ಅಥವಾ ‘ಮಗಳು’ ಎಂಬರ್ಥದ ಪದ ಸೇರಿಸಿ ಗುರುತಿಸುತ್ತಿದ್ದರು. 17ನೆಯ ಶತಮಾನದ ಕೊನೆಯಲ್ಲಿ ಹನ್ನೊಂದನೆಯ ಕಾರ್ಲ್ ದೊರೆ ವ್ಯವಸ್ಥೆಗೊಳಿಸಿದ ಸೈನ್ಯ ಪದ್ಧತಿಯಲ್ಲಿ ಕೆಲವು ಹೊಲಮನೆಗಳು ಸೇರಿ ಒಬ್ಬ ಸೈನಿಕನನ್ನು ಪೋಷಿಸಬೇಕಾಗಿತ್ತು. ಅವನಿಗೆ ಒಂದು ಗುಡಿಸಲು, ತುಂಡು ಭೂಮಿ, ಜೊತೆಗೆ ಒಂದು ಚಿಕ್ಕ ಹೆಸರು ದೊರೆಯುತ್ತಿತ್ತು. ಚುರುಕಿನವನೆಂಬ ಅರ್ಥದ ‘ರಾಸ್ಕ್’, ಧೈರ್ಯಶಾಲಿ ಎಂಬರ್ಥದ ‘ಮೂದಿಗ್’ ಇಂತಹವು. ಅವನ ತರುವಾಯ ಆ ಗುಡಿಸಲಿಗೆ ಬಂದ ಸೈನಿಕ, ರಕ್ತಸಂಬಂಧಿಯಲ್ಲದಿದ್ದರೂ, ಅನೇಕ ವೇಳೆ ಅದೇ ಹೆಸರನ್ನು ಪಡೆಯುತ್ತಿದ್ದ. ಅಂದರೆ ಹೆಸರು ವಂಶದ್ದಲ್ಲ, ಹುದ್ದೆಯದು. ಆದರೂ ಕಾಲಕ್ರಮದಲ್ಲಿ ಅನೇಕ ಸೈನಿಕರ ಮಕ್ಕಳು ಆ ಹೆಸರನ್ನೇ ಉಳಿಸಿಕೊಂಡರು; 1901ರ ಹೆಸರು ಕಾಯಿದೆಯ ನಂತರ ಅಡ್ಡಹೆಸರುಗಳು ಸ್ಥಿರಗೊಂಡವು. ಹುದ್ದೆಗೆ ಭೂಮಿ ಅಂಟಿಕೊಂಡಿತ್ತು, ಸೈನ್ಯದ ದಫ್ತರದಲ್ಲಿಯೂ ಚರ್ಚಿನ ದಫ್ತರದಲ್ಲಿಯೂ ಹೆಸರು ಬರಹಕ್ಕಿಳಿದಿತ್ತು ಎಂಬ ಎರಡು ಸಂಗತಿಗಳು ಇಲ್ಲಿ ಮುಖ್ಯ.

ಈ ಹಿನ್ನೆಲೆಯಲ್ಲಿ ಕೊಳ್ಳೇಗಾಲ ಸೀಮೆಯ ನೀಲಗಾರರನ್ನು ನೋಡಬೇಕು. ಮಂಟೇಸ್ವಾಮಿ ಪರಂಪರೆಯ ಕಥೆಯನ್ನು ತಂಬೂರಿ ಹಿಡಿದು ಹಾಡುವ ಇವರು ಬೊಪ್ಪೇಗೌಡನಪುರ, ಕಪ್ಪಡಿ, ಚಿಕ್ಕಲ್ಲೂರುಗಳ ಗದ್ದುಗೆಗಳಿಗೆ ನಡೆದುಕೊಳ್ಳುವವರು. ಒಕ್ಕಲಿನ ಮನೆಯವರು ಹರಕೆಯಂತೆ ಒಬ್ಬ ಮಗನನ್ನು ದೇವರಿಗೆ ಬಿಡುತ್ತಾರೆ. ಅವನು ದೀಕ್ಷೆ ಪಡೆದು ನೀಲಗಾರನಾಗುತ್ತಾನೆ. ಅವನ ಒಡಹುಟ್ಟಿದವರು ನೀಲಗಾರರಲ್ಲ. ಅವನ ಮಗನೂ ದೀಕ್ಷೆಯಾಗುವವರೆಗೆ ನೀಲಗಾರನಲ್ಲ. ಒಂದೇ ಮನೆಯಲ್ಲಿ ಅಣ್ಣನಿಗೆ ಸಲ್ಲುವ ಬಿರುದು ತಮ್ಮನಿಗೆ ಸಲ್ಲದಿರುವಾಗ ಅದು ಮನೆತನದ ಹೆಸರಾಗುವ ಬಗೆಯಾದರೂ ಹೇಗೆ? ಸ್ವೀಡನ್ನಿನ ಸೈನಿಕನಿಗೆ ಗುಡಿಸಲು, ಭೂಮಿಗಳಿದ್ದವು. ನೀಲಗಾರನಿಗೆ ಇದ್ದದ್ದು ಜೋಳಿಗೆ ಮತ್ತು ಭಿಕ್ಷೆಯ ಹಕ್ಕು.

ಇದರ ಸೂತ್ರ ಮಂಟೇಸ್ವಾಮಿ ಕಾವ್ಯದಲ್ಲಿಯೇ ಅಡಗಿದೆ. ನಿಡುಘಟ್ಟದ ಪಾಂಚಾಳರ ಮನೆಯ ಹುಡುಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಬೇಡುತ್ತಾನೆ. ತಂದೆತಾಯಿ ಒಪ್ಪುವುದಿಲ್ಲ, ಕಷ್ಟಗಳು ಒದಗುತ್ತವೆ, ಕೊನೆಗೆ ಹುಡುಗ ಗುರುವಿನ ಹಿಂದೆ ಹೊರಡುತ್ತಾನೆ. ಕಠಿಣ ಪರೀಕ್ಷೆಗಳ ತರುವಾಯ ಅವನು ಸಿದ್ಧಪ್ಪಾಜಿಯಾಗುತ್ತಾನೆ; ಹಾಡುಗಾರರು ಅವನನ್ನು ‘ಘನನೀಲಿ ಸಿದ್ಧಪ್ಪಾಜಿ’ ಎಂದು ಕೊಂಡಾಡುತ್ತಾರೆ. ಕಮ್ಮಾರಿಕೆಯ ಕುಲವನ್ನು ಸಾರುತ್ತಿದ್ದ ‘ಆಚಾರಿ’ ಎಂಬ ಉತ್ತರಪದ ಈ ಹಂತದಲ್ಲಿ ಉದುರಿಹೋಗುತ್ತದೆ. ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಅವನನ್ನೇ ಕಳುಹಿಸುವಲ್ಲಿ ಕಾವ್ಯದ ವ್ಯಂಗ್ಯ ಎದ್ದು ಕಾಣುತ್ತದೆ. ತನ್ನ ಕುಲದವರ ಮುಂದೆಯೇ ಅವನು ಹೊಸ ಹೆಸರಿನಲ್ಲಿ ನಿಲ್ಲಬೇಕು. ಹುಟ್ಟಿನಿಂದ ಬಂದ ಹೆಸರನ್ನು ಕಳೆಯುವುದೇ ದೀಕ್ಷೆಯ ಅರ್ಥವಾಗಿರುವ ಪರಂಪರೆಯಲ್ಲಿ ದೀಕ್ಷೆಯ ಹೆಸರು ಹುಟ್ಟಿನಿಂದ ದಾಟಬಹುದಾದ ಸೊತ್ತಾಗಲಾರದು. ಮಲೆ ಮಹದೇಶ್ವರನ ಕಥೆಯನ್ನು ಕಂಸಾಳೆಯೊಡನೆ ಹಾಡುವ ದೇವರಗುಡ್ಡರಿಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ಇವರು ಹಲವು ಜಾತಿಗಳಿಂದ ಬಂದವರು. ‘ಗುಡ್ಡ’ ಎಂಬುದು ಶಿಷ್ಯತ್ವವನ್ನು ಹೇಳುವ ಹಳೆಯ ಪದ, ಜಾತಿವಾಚಕವಲ್ಲ. ಕಂಸಾಳೆ ಮಹದೇವಯ್ಯನವರಂತಹ ಖ್ಯಾತ ಕಲಾವಿದರಲ್ಲಿ ವಾದ್ಯದ ಹೆಸರು ವ್ಯಕ್ತಿಯ ಹೆಸರಿನ ಮುಂದೆ ನಿಂತಿದೆ. ಆದರೆ ಅದು ಅವರ ಕಲೆಯಿಂದ ಬಂದ ವಿಶೇಷಣ.

ತಂಬಡಿಗಳ ವಿಷಯ ಇಷ್ಟು ಸರಳವಲ್ಲ. ಹನೂರು ತಾಲ್ಲೂಕಿನ ಮಹದೇಶ್ವರ ಬೆಟ್ಟದಲ್ಲಿ ಪೂಜೆಯ ಹಕ್ಕು ಬೇಡಗಂಪಣ ಸಮುದಾಯದ್ದು. ದೀಪಾವಳಿಯ ಜಾತ್ರೆಯಲ್ಲಿ ಹಾಲರವಿ ತರುವ 101 ಹೆಣ್ಣುಮಕ್ಕಳೂ ಈ ಸಮುದಾಯದವರೇ. ಶಾಸನಗಳಲ್ಲಿ ಶಿವಾಲಯಗಳ ಪರಿಚಾರಕರನ್ನು ಸೂಚಿಸುವ ‘ತಮ್ಮಡಿ’ಯೇ ಇಲ್ಲಿ ತಂಬಡಿಯಾಗಿದೆ ಎನ್ನಬಹುದು. ಈ ಹಕ್ಕು ವಂಶಪಾರಂಪರ್ಯವಾದದ್ದು, ಆದಾಯವೂ ಉಳ್ಳದ್ದು. ಹಾಗಿದ್ದೂ ಇದು ಅಡ್ಡಹೆಸರಾಗಿ ನಿಲ್ಲಲಿಲ್ಲ. ಕಾರಣ ಬೇರೆಯದೇ ಆಗಿರಬೇಕು: ಸರದಿಯ ಪೂಜೆ ಸಮುದಾಯದ ಮನೆಗಳಿಗೆಲ್ಲ ಹಂಚಿಹೋಗಿರುವಾಗ, ಊರೆಲ್ಲ ತಂಬಡಿಗಳೇ ಆಗಿರುವಾಗ, ಆ ಪದ ಒಬ್ಬನನ್ನು ಮತ್ತೊಬ್ಬನಿಂದ ಬೇರ್ಪಡಿಸುವುದಿಲ್ಲ. ಬೆಟ್ಟದ ಕೆಳಗಿನವರು ‘ತಂಬಡಿಯೋರು’ ಎಂದು ಕರೆಯುವುದು ಪೂಜಾರಿಯನ್ನು, ಮನೆತನವನ್ನಲ್ಲ.

ಯಳಂದೂರು ಈ ಚರ್ಚೆಗೆ ಎರಡು ವಿರುದ್ಧ ನಿದರ್ಶನಗಳನ್ನು ಒದಗಿಸುತ್ತದೆ. ‘ಹದಿಬದೆಯ ಧರ್ಮ’ದ ಕವಯಿತ್ರಿ ಹೊನ್ನಮ್ಮ ಯಳಂದೂರಿನವಳು, ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673-1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದುದರಿಂದ ‘ಸಂಚಿಯ ಹೊನ್ನಮ್ಮ’ ಎನಿಸಿಕೊಂಡಳು. ಊಳಿಗ ಅವಳೊಡನೆ ಮುಗಿಯಿತು, ಹೆಸರೂ ಅವಳೊಡನೆ ನಿಂತಿತು. ಇದಕ್ಕೆ ಪ್ರತಿಯಾಗಿ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಯಳಂದೂರು ಜಾಗೀರಾಗಿ ದೊರೆಯಿತು. ಅವರ ವಂಶದ ಜಾಗೀರ್ದಾರರೂ 1901ರಿಂದ 1906ರವರೆಗೆ ಮೈಸೂರಿನ ದಿವಾನರೂ ಆಗಿದ್ದ ಸರ್ ಪಿ. ಎನ್. ಕೃಷ್ಣಮೂರ್ತಿಯವರ ಮೊದಲ ಅಕ್ಷರ ‘ಪೂರ್ಣಯ್ಯ’ ಎಂಬುದರ ಸಂಕ್ಷೇಪ. ಮೂಲಪುರುಷನ ಸ್ವಂತ ಹೆಸರು ಹೀಗೆ ಜಾಗೀರಿನ ಬೆನ್ನುಹತ್ತಿ ಮನೆತನದ ಗುರುತಾಯಿತು. ಸೊತ್ತು ಕೈಯಿಂದ ಕೈಗೆ ದಾಟುವಲ್ಲಿ ಹೆಸರೂ ದಾಟುತ್ತದೆ ಎಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ. ಆದರೆ ಇದನ್ನೇ ಸಾರ್ವತ್ರಿಕ ನಿಯಮವೆನ್ನುವಂತಿಲ್ಲ. ಹಳೆಯ ಮೈಸೂರಿನ ಪಟೇಲಿಕೆ, ಶಾನುಭೋಗಿಕೆಗಳೂ ವಂಶಪಾರಂಪರ್ಯವಾಗಿದ್ದವು. ಅವು ‘ಪಟೇಲರ ಮನೆ’, ‘ಶಾನುಭೋಗರ ಮನೆ’ ಎಂದು ಮನೆಗಳ ಗುರುತಾದವೇ ಹೊರತು, ಉತ್ತರದ ಪಾಟೀಲ, ಕುಲಕರ್ಣಿಗಳ ಹಾಗೆ ಸಾಮಾನ್ಯವಾಗಿ ವ್ಯಕ್ತಿನಾಮದ ಅಂಗವಾಗಲಿಲ್ಲ. ಮುಂಬಯಿ ಆಡಳಿತದ ದಫ್ತರಗಳಲ್ಲಿ ಅಡ್ಡಹೆಸರು ಬರೆಯುವ ರೂಢಿಯಿತ್ತು. ಮೈಸೂರಿನಲ್ಲಾಗಲಿ, 1956ರವರೆಗೆ ಕೊಳ್ಳೇಗಾಲವನ್ನು ಕೊಯಮತ್ತೂರು ಜಿಲ್ಲೆಯೊಳಗೆ ಇರಿಸಿಕೊಂಡಿದ್ದ ಮದರಾಸಿನಲ್ಲಾಗಲಿ ಆ ರೂಢಿ ಬೆಳೆಯಲಿಲ್ಲ.

ಹಾಗಾದರೆ ಇಲ್ಲಿ ಗುರುತಿನ ಕೆಲಸ ಮಾಡುವುದು ಯಾವುದು? ಈ ಸೀಮೆಯ ಅತಿ ಪ್ರಸಿದ್ಧ ಹೆಸರನ್ನೇ ತೆಗೆದುಕೊಳ್ಳಬಹುದು: ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು. ಮೊದಲನೆಯದು ಕೊಳ್ಳೇಗಾಲದ ಕಡೆಯ ತಂದೆಯ ಊರು, ಎರಡನೆಯದು ತಂದೆ, ಮೂರನೆಯದು ತನ್ನ ಹೆಸರು. ಅದು ಕಾವೇರಿ ದಡದ ಮುತ್ತತ್ತಿರಾಯನದು. ಊರು, ತಂದೆ, ದೈವ ಎಂಬ ಈ ಮೂರೇ ಇಲ್ಲಿನ ಹೆಸರಿನ ಕಟ್ಟಡ. 1954ರ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ನಿರ್ದೇಶಕ ಎಚ್. ಎಲ್. ಎನ್. ಸಿಂಹ ಅವರಿಂದ ಮುತ್ತುರಾಜು ‘ರಾಜ್‌ಕುಮಾರ್’ ಆದರು. ತಂದೆಯ ಹೆಸರಾಗಿ ಮಕ್ಕಳಿಗೆ ಅದು ಸೇರಿದ್ದು ಇಲ್ಲಿನ ಪದ್ಧತಿಗೆ ಹೊರತಾದುದಲ್ಲ. ಆದರೆ ಮೂರನೆಯ ತಲೆಮಾರಿನ ನಟರು, ರಾಘವೇಂದ್ರ ರಾಜ್‌ಕುಮಾರ್ ಅವರ ಮಕ್ಕಳು, ವಿನಯ್ ರಾಜ್‌ಕುಮಾರ್, ಯುವ ರಾಜ್‌ಕುಮಾರ್ ಎಂದೇ ಕರೆಸಿಕೊಳ್ಳುತ್ತಾರೆ. ತಂದೆಯ ಹೆಸರಿನ ಜಾಗದಲ್ಲಿ ತಾತನ ಹೆಸರು ಉಳಿದಿದೆ. ಒಂದು ವೇಷದ ಹೆಸರು ಎಪ್ಪತ್ತು ವರ್ಷಗಳೊಳಗೆ ಅಡ್ಡಹೆಸರಾದ ಅಪರೂಪದ ಪ್ರಸಂಗವಿದು.

ದೈವದ ಹೆಸರೇ ಈ ಕಟ್ಟಡದ ಜೀವಾಳ. ಮಹದೇಶ್ವರನ ಒಕ್ಕಲಿನಲ್ಲಿ ಮಾದಪ್ಪ, ಮಾದಯ್ಯ, ಮಾದೇವ, ಮಾದೇಶ, ಮಾದೇಗೌಡ, ಮಾದನಾಯಕ, ಮಾದಶೆಟ್ಟಿ, ಮಹದೇವಸ್ವಾಮಿ, ಮಾದಮ್ಮ, ಮಹದೇವಮ್ಮ. ಮಂಟೇಸ್ವಾಮಿ ಪರಂಪರೆಯಲ್ಲಿ ಮಂಟಯ್ಯ, ಮಂಟೇಲಿಂಗಯ್ಯ, ರಾಚಯ್ಯ, ಸಿದ್ಧಯ್ಯ, ಸಿದ್ಧರಾಜು, ಚೆನ್ನಾಜಮ್ಮ. ಬಿಳಿಗಿರಿರಂಗನಿಂದ ರಂಗಸ್ವಾಮಿ, ರಂಗಶೆಟ್ಟಿ, ರಂಗಮ್ಮ. ಧಾತು ಒಕ್ಕಲನ್ನು ಹೇಳುತ್ತದೆ, ಉತ್ತರಪದ ಹೆಚ್ಚಾಗಿ ಜಾತಿಯನ್ನು ಸೂಚಿಸುತ್ತದೆ. ‘ಹೆಚ್ಚಾಗಿ’ ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ‘ಗೌಡ’ ಎಂದಾಕ್ಷಣ ಒಕ್ಕಲಿಗರೆಂದು ಬಗೆಯುವ ಹೊರಗಿನವರು ಬಿಳಿಗಿರಿ ಮತ್ತು ಮಹದೇಶ್ವರ ಬೆಟ್ಟಗಳ ಸೋಲಿಗರಲ್ಲಿ ಮಾದೇಗೌಡ, ಕೇತೇಗೌಡ ಎಂಬ ಹೆಸರುಗಳಿರುವುದನ್ನು ಮರೆಯುತ್ತಾರೆ. ಒಂದೇ ಮನೆಯಲ್ಲಿ ತಾತನ ಹೆಸರು ಮೊಮ್ಮಗನಿಗೆ ಬಂದಾಗ ದೊಡ್ಡಮಾದಯ್ಯ, ಚಿಕ್ಕಮಾದಯ್ಯ, ಪುಟ್ಟಮಾದಯ್ಯ ಎಂಬ ವಿಭಜನೆ ನಡೆಯುತ್ತದೆ.

ಆದ್ದರಿಂದ ಈ ಸೀಮೆಯಲ್ಲಿ ಯಾವುದೇ ಹೆಸರಿನ ಪ್ರಸಾರವನ್ನು ಅಳೆಯುವವರು ಅಡ್ಡಹೆಸರಿನ ಅಂಕಣವನ್ನು ನಂಬುವಂತಿಲ್ಲ. ಆ ಅಂಕಣದಲ್ಲಿ ನೀಲಗಾರ, ತಂಬಡಿ ಎಂಬವು ಕಾಣದಿರುವುದು ಸಹಜ. ಹಾಗೆಂದು ನೀಲಗಾರರೇ ಇಲ್ಲವೆಂದು ಅರ್ಥವಲ್ಲ. ಹೆಸರಿನ ಕೊನೆಯಲ್ಲಿ ಬರುವ ಅಕ್ಷರವನ್ನೇ ಅಡ್ಡಹೆಸರೆಂದು ಯಂತ್ರ ಎಣಿಸಿದರೆ ‘ಎಂ’, ‘ಎಸ್’, ‘ಆರ್’ ಎಂಬವು ಇಲ್ಲಿನ ದೊಡ್ಡ ಮನೆತನಗಳೆಂದು ತೋರಿಬಂದಾವು. ಅದು ತಪ್ಪೆಣಿಕೆ, ಆದರೂ ಆ ಅಕ್ಷರಗಳ ಹಿಂದೆ ಮಾದಯ್ಯ, ಸಿದ್ಧಯ್ಯ, ರಾಚಯ್ಯ, ರಂಗಯ್ಯರಂತಹ ತಂದೆಯರಿರುವುದರಿಂದ ದೈವಗಳ ನೆರಳು ಅಲ್ಲಿಯೂ ಬಿದ್ದಿರುತ್ತದೆ. ಸರಿಯಾದ ಕ್ರಮವೆಂದರೆ ಧಾತುಗಳನ್ನು ಎಣಿಸುವುದು, ಒಂದೇ ಧಾತುವಿನ ರೂಪಭೇದಗಳನ್ನು ಒಟ್ಟಿಗೆ ಇಡುವುದು, ತಂದೆ ಮಕ್ಕಳ ಹೆಸರುಗಳನ್ನು ಜೋಡಿಯಾಗಿ ನೋಡುವುದು. ಮತದಾರರ ಪಟ್ಟಿಯಲ್ಲಿ ತಂದೆಯ ಅಥವಾ ಗಂಡನ ಹೆಸರಿರುವುದರಿಂದ ಇದು ಅಸಾಧ್ಯವಾದ ಕೆಲಸವೇನಲ್ಲ.

ಜೋಡಿಯಾಗಿ ನೋಡಿದಾಗಲೇ ಈಚಿನ ಬದಲಾವಣೆಯೂ ಕಣ್ಣಿಗೆ ಬೀಳುತ್ತದೆ. ಮಾದಯ್ಯನ ಮಗ ಮಹದೇವಸ್ವಾಮಿ, ಅವನ ಮಗ ದೈವದ ಸುಳಿವಿಲ್ಲದ ಹೊಸಗಾಲದ ಹೆಸರಿನವನು. ಮೊದಲ ಹೆಜ್ಜೆಯನ್ನು ಕೇವಲ ಸಂಸ್ಕೃತದ ವ್ಯಾಮೋಹವೆಂದು ತಳ್ಳಿಹಾಕುವುದು ಅನ್ಯಾಯ. ‘ಮಾದ’, ‘ಅಯ್ಯ’ಗಳನ್ನು ಕೇಳಿದೊಡನೆ ಜಾತಿಯನ್ನು ಊಹಿಸುವ ಸಮಾಜದಲ್ಲಿ ಶಾಲೆಗೆ, ನೌಕರಿಗೆ ಹೊರಟ ಮಗನಿಗೆ ತಂದೆ ಬೇರೆ ರೂಪವನ್ನು ಬಯಸಿದರೆ ಅದರ ಹಿಂದೆ ಕಂಡುಂಡ ಅನುಭವವಿದೆ. ಅದೇ ಹೆಸರನ್ನು ಬದಲಿಸದೆ ಸಾರ್ವಜನಿಕ ಜೀವನದಲ್ಲಿ ಎತ್ತರಕ್ಕೇರಿದವರೂ ಇದ್ದಾರೆ: ಚಾಮರಾಜನಗರ ಭಾಗದ ದಲಿತ ನಾಯಕ ಬಿ. ರಾಚಯ್ಯನವರು 1990ರಿಂದ 1995ರವರೆಗೆ ಕೇರಳದ ರಾಜ್ಯಪಾಲರಾಗಿದ್ದರು.

ಇನ್ನೊಂದು ಒತ್ತಡ ಕಾಗದಪತ್ರಗಳದು. ಆಧಾರ್ ಚೀಟಿಗೆ ಒಂದೇ ಹೆಸರು ಸಾಕು. ಪಾಸ್‌ಪೋರ್ಟ್ ಅರ್ಜಿ ಹೆಸರನ್ನೂ ಅಡ್ಡಹೆಸರನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಒಂದೇ ಹೆಸರಿನ ಪಾಸ್‌ಪೋರ್ಟ್ ಉಳ್ಳವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲವೆಂದು ಪ್ರಕಟಿಸಿದಾಗ, ಎರಡನೆಯ ಪುಟದ ತಂದೆಯ ಹೆಸರು ಸಾಕೆಂಬ ವಿವರಣೆ ಬರುವವರೆಗೆ ದಕ್ಷಿಣ ಭಾರತದ ಅನೇಕರಿಗೆ ಕಳವಳವಾಯಿತು. ಅಂಕಣ ತುಂಬಲೇಬೇಕಾದಾಗ ಇನಿಷಿಯಲ್ ಬಿಡಿಸಿಕೊಂಡು ಒಬ್ಬ ಮಗನ ಅಡ್ಡಹೆಸರು ತಂದೆಯ ಹೆಸರಾಗುತ್ತದೆ, ಇನ್ನೊಬ್ಬನದು ಊರಿನ ಹೆಸರಾಗುತ್ತದೆ. ಒಡಹುಟ್ಟಿದವರು ಕಾಗದದ ಮೇಲೆ ಎರಡು ಮನೆತನದವರಾಗುತ್ತಾರೆ.

ಸೋಲಿಗರ ಪೋಡುಗಳಲ್ಲಿ ಇದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಹಾಲೇರು, ತೇನೇರು, ಬೆಳ್ಳೇರು ಮೊದಲಾದ ಕುಲಗಳು ಅವರಲ್ಲಿ ಯಾರಿಗೆ ಯಾರೊಡನೆ ಮದುವೆಯಾಗಬಹುದೆಂಬುದನ್ನು ನಿರ್ಧರಿಸುತ್ತವೆ. ಅಂದರೆ ಅಡ್ಡಹೆಸರಿಗೆ ಬೇಕಾದ ಅರ್ಹತೆಯೆಲ್ಲ ಅವಕ್ಕೆ ಇದೆ. ಆದರೆ ಕುಲದ ಹೆಸರನ್ನು ವ್ಯಕ್ತಿಯ ಹೆಸರಿಗೆ ಹಚ್ಚುವ ವಾಡಿಕೆ ಅವರಲ್ಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಅರ್ಜಿ ಹಾಕುವಾಗ, ಒಂದೇ ಪೋಡಿನಲ್ಲಿ ಮಾದೇಗೌಡನ ಮಗ ಜಡೇಗೌಡರು ಇಬ್ಬರಿದ್ದರೆ ಯಾವ ಜಡೇಗೌಡನಿಗೆ ಯಾವ ಭೂಮಿ ಎಂದು ಕಚೇರಿಯ ಕಾಗದ ಹೇಳಲಾರದು. ಅದು ಕುಲವನ್ನು ಬಲ್ಲ ಪೋಡಿನ ಯಜಮಾನನಿಗೆ ತಿಳಿದಿರುತ್ತದೆ. ಬಿಳಿಗಿರಿರಂಗನ ಬೆಟ್ಟದ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರಗಳು ದೊರೆತವು. ಅವು ವ್ಯಕ್ತಿಗಳ ಹೆಸರಿಗಲ್ಲ, ಗ್ರಾಮಸಭೆಗಳಿಗೆ ದೊರೆತುದರಿಂದ ಅಲ್ಲಿ ಈ ತೊಡಕು ಏಳಲಿಲ್ಲ.