ಪುಟ್ಟ ಬಚ್ಚಲುಮನೆಯಲ್ಲಿ ವಾಷಿಂಗ್ ಮೆಷಿನ್‌ಗೂ ಜಾಗ

ಐದಡಿ ಅಗಲ, ಎಂಟಡಿ ಉದ್ದದ ಬಚ್ಚಲುಮನೆ. ಇದರಲ್ಲೇ ಬಟ್ಟೆ ಒಗೆಯೋಕೂ ಜಾಗ ಮಾಡಬಹುದು. ಹೇಗೆ? ನೋಡೋಣ ಬನ್ನಿ.

ಮೈಸೂರಿನ ಅಗ್ರಹಾರದ ಹಳೇ ಮನೆಗಳಲ್ಲಿ ಬಚ್ಚಲಲ್ಲಿ ಹಂಡೆ, ಹಿತ್ತಲಲ್ಲಿ ಒಗೆಯೋ ಕಲ್ಲು. ಈಗಿನ 20x30 ಅಡಿ ಸೈಟಿನ ಮನೆಗೆ ಹಿತ್ತಲೆಲ್ಲಿ? ಒಗೆಯೋ ಕೆಲಸ ಒಳಗೇ ಆಗಬೇಕು.

ಮೊದಲು ಅಳತೆ. ಫ್ರಂಟ್ ಲೋಡ್ ಮೆಷಿನ್ ಸುಮಾರು 60 ಸೆಂಟಿಮೀಟರ್ ಅಗಲ, 85 ಎತ್ತರ. ಎಂಟಡಿ ಉದ್ದವನ್ನು ಹೀಗೆ ಹಂಚಿ: ಬಾಗಿಲ ಕಡೆ ಮೆಷಿನ್‌ಗೆ ಎರಡೂವರೆ ಅಡಿ, ನಡುವೆ ಕಮೋಡ್‌ಗೆ ಎರಡೂವರೆ, ಕೊನೆಗೆ ಸ್ನಾನಕ್ಕೆ ಮೂರು. ಸ್ನಾನದ ಜಾಗಕ್ಕೆ ಗಾಜಿನ ತಡೆ ಹಾಕಿಸಿ. ಮೆಷಿನ್ ಮೇಲೆ ಗ್ರಾನೈಟ್ ಹಲಗೆ ಕೂರಿಸಿದರೆ ಬಟ್ಟೆ ಮಡಚೋಕೆ ಅನುಕೂಲ.

ಇನ್ನು ನೀರು. ಮೆಷಿನ್‌ಗೆ ಬೇರೆ ನಲ್ಲಿ, ಬೇರೆ ಡ್ರೈನ್ ಪೈಪ್ ಇರಲಿ. ಕೊಳಕು ನೀರಿನ ಪೈಪನ್ನು ಕಂಪನಿ ಹೇಳಿದ ಎತ್ತರದಲ್ಲೇ ಸಿಕ್ಕಿಸಿ. ನೆಲದ ಮೇಲೆ ಬಿಟ್ಟರೆ ಡ್ರಮ್ಮಿನ ನೀರೆಲ್ಲ ಹರಿದುಹೋಗುತ್ತೆ. ನೆಲದ ಇಳಿಜಾರು ಮೀಟರಿಗೆ ಒಂದು ಸೆಂಟಿಮೀಟರಿನಷ್ಟಾದರೂ ಇರಲಿ. ಟೈಲ್ಸ್ ಹಾಕೋ ಮುಂಚೆ ವಾಟರ್‌ಪ್ರೂಫಿಂಗ್ ಮಾಡಿಸಿ, ಎರಡು ದಿನ ನೀರು ನಿಲ್ಲಿಸಿ ಸೋರಿಕೆ ನೋಡಿ.

ಕರೆಂಟ್ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ. ಬಿಸಿನೀರಿನಲ್ಲಿ ಒಗೆಯುವಾಗ ಮೆಷಿನ್ ಸುಮಾರು 2000 ವಾಟ್ ಎಳೆಯುತ್ತೆ. 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಕರೆಂಟ್ ಸೋರಿದರೆ ಅದು ಕ್ಷಣದಲ್ಲೇ ಸಂಪರ್ಕ ಕಡಿದು ಜೀವ ಉಳಿಸುತ್ತೆ. ಸಾಕೆಟ್ ಶವರಿನಿಂದ ದೂರ ಇರಲಿ. ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ಗೇ ಕೊಡಿ.

ಮಳೆಗಾಲದ ತೇವಕ್ಕೆ ಎಕ್ಸಾಸ್ಟ್ ಫ್ಯಾನ್ ಮರೆಯಬೇಡಿ.

ಒಡೆಯೋ ಕೆಲಸಕ್ಕೆ ಮುಂಚೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮನೆಯ ಹಿರಿಯರನ್ನು ಓಡಾಡಿಸಿ ನೋಡಿ. ಅವರಿಗೆ ಸಲೀಸಾದರೆ ಮೇಸ್ತ್ರಿಗೆ ಹೇಳಿ: ಶುರು ಮಾಡಿ.