ಬಿಳಿಜೋಳ: ಕೂಡಿ ಬಿತ್ತಿದರೆ ಉಳಿದೀತು

ನಮ್ಮ ರಟ್ಟೀಹಳ್ಳಿ ಕಡೆ ಎಲ್ಲಿ ನೋಡಿದರೂ ಗೋವಿನಜೋಳ. ಊಟಕ್ಕೆ ಮಾತ್ರ ಬಿಳಿಜೋಳದ ರೊಟ್ಟಿಯೇ ಬೇಕು. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ ಗೋವಿನಜೋಳಕ್ಕೆ 2,400 ರೂಪಾಯಿ, ಮಾಲ್ದಂಡಿ ಜೋಳಕ್ಕೆ 3,749. ಆದರೂ ಬಿತ್ತೋರು ಯಾಕೆ ಹಿಂಜರಿಯುತ್ತಾರೆ? ಇಳುವರಿ ಕಡಿಮೆ, ಮೇಲೆ ಹಕ್ಕಿ ಕಾಟ. ಗೋವಿನಜೋಳದ ತೆನೆಗೆ ಸಿಪ್ಪೆಯ ಹೊದಿಕೆ ಉಂಟು, ಬಿಳಿಜೋಳದ ಕಾಳು ಬಯಲಿಗೇ ಇರುತ್ತದೆ. ಒಬ್ಬನೇ ಬಿತ್ತಿದರೆ ಸೀಮೆಯ ಹಕ್ಕಿಯೆಲ್ಲ ಅವನ ಹೊಲಕ್ಕೇ!

ನನ್ನ ಲೆಕ್ಕ ಇಷ್ಟೇ: ಹಿಂಗಾರಿಗೆ ಅಕ್ಕಪಕ್ಕದ ಹೊಲದವರು ಒಂದೇ ವಾರದಲ್ಲಿ ಬಿತ್ತಬೇಕು. ಹಕ್ಕಿ ತಿಂದ ನಷ್ಟವೂ, ಕವಣೆ ಹಿಡಿದು ಕಾಯೋ ಪಾಳಿಯೂ ಹಂಚಿಹೋಗುತ್ತದೆ. ಉಣ್ಣೋರು ಬಿತ್ತನೆಗೆ ಮೊದಲೇ ಬೆಲೆ ಮಾತಾಡಿ, ವರ್ಷದ ಜೋಳವನ್ನು ಕಣದಿಂದಲೇ ಒಯ್ಯಬೇಕು. ದನಕ್ಕೆ ಕಣಿಕೆ ಉಳಿಯುತ್ತದೆ. ನಿಮ್ಮೂರಲ್ಲಿ ಹೇಗೆ ಮಾಡುತ್ತೀರಿ? ಬರೆದು ತಿಳಿಸಿ.