ನೊಣವೂ ಜೇನುನೊಣವೂ

ಜೇನನ್ನು ಕೂಡಿಡುವ ಕೀಟಕ್ಕೆ ಕನ್ನಡಿಗರು ‘ಜೇನುನೊಣ’ವೆಂದು ಹೆಸರಿಟ್ಟಿದ್ದಾರೆ. ಹೆಸರು ಇಂಪಾಗಿಯೇ ಇದೆ. ಆದರೆ ಅದರಿಂದ ಒಂದು ತಪ್ಪು ತಿಳಿವಳಿಕೆಗೂ ಎಡೆಯಾಗಿದೆ. ಆಲಮಟ್ಟಿಯ ಅಣೆಕಟ್ಟಿಗೆ ಸಮೀಪದ ನಿಡಗುಂದಿಯಲ್ಲಿ ಒಮ್ಮೆ ಸೂರ್ಯಕಾಂತಿಯ ಹೊಲದ ಬದುವಿನ ಮೇಲೆ ನಿಂತಿದ್ದೆ. ಬೆಳಗಿನ ಎಂಟು ಗಂಟೆಯ ಸಮಯ, ಹೊಲವೆಲ್ಲ ಅರಳಿತ್ತು. ಔಷಧಿಯ ಪಂಪನ್ನು ಬೆನ್ನಿಗೇರಿಸುತ್ತಿದ್ದ ರೈತನೊಬ್ಬನಿಗೆ, ಹೂವಿನ ಮೇಲೆ ಜೇನು ಕುಳಿತಿದೆಯಲ್ಲಾ ಎಂದೆ. “ಜೇನಾದ್ರೇನ್ರೀ, ನೊಣಾ ಆದ್ರೇನ್ರೀ, ಎಲ್ಲಾ ಹುಳಾನ ಅಲ್ಲೇನ್ರೀ ಮಾಸ್ತರ?” ಎಂದು ಆತನು ನಕ್ಕನು. ಅಲ್ಲಿ ನಿಂತು ಕೊಡಲಾರದೆ ಹೋದ ಉತ್ತರವನ್ನು ಈ ಹೊತ್ತು ವಿಸ್ತಾರವಾಗಿ ಹೇಳಬಯಸುತ್ತೇನೆ.

ಜೇನುನೊಣವು ನೊಣವಲ್ಲ. ನೊಣಕ್ಕೆ ಇರುವುದು ಎರಡೇ ರೆಕ್ಕೆ. ಹಿಂದಿನ ರೆಕ್ಕೆಗಳಿರಬೇಕಾದ ಸ್ಥಾನದಲ್ಲಿ ತುದಿ ದಪ್ಪನಾದ ಎರಡು ಪುಟ್ಟ ಕಡ್ಡಿಗಳಿವೆ. ಹಾರುವಾಗ ಇವು ಕಂಪಿಸುತ್ತ, ದೇಹವು ಯಾವ ಕಡೆಗೆ ವಾಲಿತೆಂಬುದನ್ನು ಕ್ಷಣಕ್ಷಣಕ್ಕೂ ತಿಳಿಸುವುವು. ಹೊಡೆಯಲೆತ್ತಿದ ಕೈಗೆ ನೊಣವು ಸಿಕ್ಕದೆ ಹೋಗುವುದಕ್ಕೆ ಈ ಕಡ್ಡಿಗಳೂ ಒಂದು ಕಾರಣ. ಜೇನಿಗಾದರೋ ನಾಲ್ಕು ರೆಕ್ಕೆ. ಹಿಂದಿನ ರೆಕ್ಕೆಯ ಅಂಚಿನಲ್ಲಿರುವ ಸಣ್ಣ ಕೊಕ್ಕೆಗಳು ಮುಂದಿನದನ್ನು ಹಿಡಿದುಕೊಳ್ಳುವುದರಿಂದ ಎರಡೂ ಒಂದೇ ಹಾಳೆಯಂತೆ ಬಡಿಯುತ್ತವೆ. ಜೇನಿನ ದಾಯಾದಿಗಳು ಕಣಜ ಮತ್ತು ಇರುವೆಗಳೇ ಹೊರತು ನೊಣಗಳಲ್ಲ.

ಆದರೂ ಕಣ್ಣು ಮೋಸಹೋಗುವುದುಂಟು. ಮೈಮೇಲೆ ಹಳದಿ ಪಟ್ಟೆಯನ್ನು ಹೊತ್ತು ಜೇನಿನ ವೇಷವನ್ನೇ ಧರಿಸಿದ ನೊಣಗಳಿವೆ. ಕುಟುಕುವ ಮುಳ್ಳಿಲ್ಲದಿದ್ದರೂ ಆ ವೇಷದಿಂದಲೇ ಹಕ್ಕಿಗಳನ್ನು ಹೆದರಿಸಿ ಬದುಕುತ್ತವೆ. ರೋಮಿನ ಕವಿ ವರ್ಜಿಲನು ತನ್ನ ‘ಜಾರ್ಜಿಕ್ಸ್’ ಕಾವ್ಯದ 4ನೆಯ ಭಾಗದಲ್ಲಿ, ಸತ್ತ ಎತ್ತಿನ ಒಡಲಿನಿಂದ ಜೇನು ಹುಟ್ಟುವುದೆಂದು ಬರೆದಿದ್ದಾನೆ. ಕೊಳೆತ ನೀರಿನಲ್ಲಿ ಮರಿಮಾಡುವ ಇಂಥದೊಂದು ವೇಷಧಾರಿ ನೊಣವನ್ನು ನೋಡಿಯೇ ಆ ನಂಬಿಕೆ ಹುಟ್ಟಿರಬೇಕೆಂದು ಕೀಟಶಾಸ್ತ್ರಜ್ಞರ ಊಹೆ. ಅಂತೂ ಹೆಸರಿನ ಗೊಂದಲವು ನಮಗೆ ಮಾತ್ರವೇ ಮೀಸಲಲ್ಲ.

ಮನೆಯ ನೊಣವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ತಿಪ್ಪೆಯಲ್ಲಿ ಒಂದು ಸಲಕ್ಕೆ ನೂರಕ್ಕೂ ಮಿಗಿಲಾಗಿ ಮೊಟ್ಟೆಯಿಡುತ್ತದೆ. ಬೇಸಗೆಯಲ್ಲಿ ಸುಮಾರು ಹತ್ತು ದಿನಗಳೊಳಗೆ ಮೊಟ್ಟೆಯು ರೆಕ್ಕೆಯ ನೊಣವಾಗುವುದು. ಗಟ್ಟಿ ಪದಾರ್ಥವನ್ನು ತಿನ್ನಲಾರದೆ ಅದರ ಮೇಲೆ ತನ್ನ ಜೊಲ್ಲನ್ನು ಸುರಿಸಿ, ಕರಗಿಸಿ ಹೀರುತ್ತದೆ. ಊಟದ ಹೊತ್ತಿಗೆ ಇದನ್ನು ನೆನೆಯದಿರುವುದೇ ಲೇಸು.

ಆದರೆ ನಿಡಗುಂದಿಯ ರೈತನು ನಿಜವಾಗಿ ಅಂಜಬೇಕಾದ ನೊಣವು ಬೇರೆ. ಅದು ಜೋಳದ ಸುಳಿನೊಣ. ಮನೆಯ ನೊಣಕ್ಕಿಂತ ಸಣ್ಣದು, ಬೂದುಬಣ್ಣದ್ದು. ಎರೆಯ ಹೊಲದಲ್ಲಿ ಹಿಂಗಾರಿಯ ಜೋಳವು ಮೊಳೆತು ಒಂದೆರಡು ವಾರಗಳಾಗಿರುವಾಗ ಹೆಣ್ಣುನೊಣವು ಬಂದು ಎಲೆಯ ಕೆಳಮಗ್ಗುಲಲ್ಲಿ ಒಂದೊಂದೇ ಬಿಳಿಯ ಮೊಟ್ಟೆಯನ್ನು ಅಂಟಿಸುತ್ತದೆ. ಹೊರಬಂದ ಹುಳು ಎಲೆಯ ಗುಂಟ ಇಳಿದು ಸುಳಿಯನ್ನು ಹೊಕ್ಕು ಬುಡದಲ್ಲಿ ಕತ್ತರಿಸುತ್ತದೆ. ಅಲ್ಲಿ ಕೊಳೆತುದನ್ನೇ ತಿಂದು ಬೆಳೆಯುತ್ತದೆ. ನಡುವಿನ ಸುಳಿ ಒಣಗುವುದು. ಹಿಡಿದೆಳೆದರೆ ಕೈಗೇ ಬಂದುಬಿಡುವುದು. ಎಲೆಯ ಕೆಳಗೆ ಸಣ್ಣ ರೋಮಗಳಿರುವ ತಳಿಗಳಲ್ಲಿ ಮೊಟ್ಟೆ ಕಡಿಮೆ. ಬೀಜವನ್ನು ತುಸು ಹೆಚ್ಚಾಗಿ ಬಿತ್ತಿ, ಸುಳಿ ಒಣಗಿದ ಸಸಿಗಳನ್ನು ಕಿತ್ತು ನಾಶಮಾಡುವುದೂ ಒಂದು ಉಪಾಯ. ಈ ನೊಣದ ಮೇಲೆ ರೈತನಿಗಿರುವ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟು ಹೆಸರಿನ ನಂಟಿನಿಂದ ಜೇನಿನ ಮೇಲೆ ಹರಿಯಬಾರದೆಂದಷ್ಟೇ ನನ್ನ ಮಾತು.

ಆ ಸೂರ್ಯಕಾಂತಿಯ ಹೊಲಕ್ಕೆ ಮರಳೋಣ. ನಾವು ಒಂದು ಹೂವೆನ್ನುವುದು ವಾಸ್ತವವಾಗಿ ನೂರಾರು ಕಿರುಹೂಗಳ ತಟ್ಟೆ. ಅಂಚಿನಿಂದ ನಡುವಿನ ಕಡೆಗೆ, ಸುತ್ತು ಸುತ್ತಾಗಿ, ಹಲವು ದಿನಗಳವರೆಗೆ ಅವು ಅರಳುತ್ತವೆ. ಪ್ರತಿಯೊಂದು ಕಿರುಹೂವೂ ಮೊದಲು ಪರಾಗವನ್ನು ಚೆಲ್ಲಿ, ಆಮೇಲೆ ಪರಾಗವನ್ನು ಸ್ವೀಕರಿಸಲು ಅಣಿಯಾಗುವುದು. ಈ ಪರಾಗವು ಅಂಟಂಟಾಗಿ ಭಾರವಾಗಿರುವುದರಿಂದ ಗಾಳಿಗೆ ಹಾರದು. ಜೋಳಕ್ಕೆ ಗಾಳಿಯೇ ಸಾಕು. ಸೂರ್ಯಕಾಂತಿಗೆ ಹೊರುವವರು ಬೇಕು. ಜೇನು ಬಾರದ ಹೊಲದಲ್ಲಿ ತೆನೆ ದೊಡ್ಡದಾಗಿ ಕಂಡರೂ ಕಾಳು ಜೊಳ್ಳಾಗುವುದು. ಜೇನು ಕಡಿಮೆಯಾದೆಡೆ ಕೃಷಿಪಂಡಿತರು ಹೇಳಿಕೊಡುವ ಉಪಾಯವೇನೆಂದರೆ, ಕೈಗೆ ತೆಳುವಾದ ಬಟ್ಟೆಯನ್ನು ಸುತ್ತಿಕೊಂಡು ಬೆಳಗಿನ 8ರಿಂದ 11 ಗಂಟೆಯೊಳಗಾಗಿ ದಿನ ಬಿಟ್ಟು ದಿನ ಒಂದೊಂದೇ ತೆನೆಯನ್ನು ಸವರುತ್ತ ಹೋಗಬೇಕು. ಜೇನು ಕೂಲಿಯಿಲ್ಲದೆ ಮಾಡುವುದು ಇದನ್ನೇ!

ಇಂಥ ಬಯಲುಸೀಮೆಯ ಹೊಲಗಳಿಗೆ ಬರುವ ಜೇನುಗಳಲ್ಲಿ ಹೆಜ್ಜೇನೂ ಕೋಲುಜೇನೂ ಮುಖ್ಯವಾದವು. ಹೆಜ್ಜೇನು ಎತ್ತರದ ಮರಕ್ಕೋ ನೀರಿನ ಟಾಕಿಗೋ ಹುಟ್ಟನ್ನು ತೂಗುಹಾಕಿ, ಹೂವು ತೀರಿದೊಡನೆ ಊರು ಬಿಟ್ಟು ನಡೆಯುವುದು. ಕೋಲುಜೇನು ಬೇಲಿಯ ಗಿಡದ ಕಡ್ಡಿಗೆ ಅಂಗೈಯಗಲದ ಒಂದೇ ಹುಟ್ಟನ್ನು ಕಟ್ಟಿ, ಇರುವೆಗಳು ಬಾರದಂತೆ ಕಡ್ಡಿಗೆ ಅಂಟನ್ನು ಬಳಿಯುತ್ತದೆ. ಹೂವಿನ ನೆಲೆಯನ್ನು ಕುಣಿತದಿಂದ ತಿಳಿಸುವ ಜೇನಿನ ಭಾಷೆಯನ್ನು ಓದಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು. ತುಡುವೆಯು ಕತ್ತಲೆಯ ಪೊಟರೆಯಲ್ಲಿ, ನಿಂತ ಹುಟ್ಟಿನ ಮೇಲೆ ಕುಣಿದು, ಸೂರ್ಯನ ದಿಕ್ಕನ್ನು ‘ಮೇಲೆ’ ಎಂದು ಮಾರ್ಪಡಿಸಿ ಹೇಳಬೇಕು. ಕೋಲುಜೇನಿಗೆ ಆ ಕಷ್ಟವಿಲ್ಲ. ಹುಟ್ಟಿನ ನೆತ್ತಿಯ ಮೇಲೆ ಬಯಲಿನಲ್ಲಿಯೇ ಕುಣಿದು, ಹೂವಿದ್ದ ಕಡೆಗೆ ನೇರವಾಗಿ ಮುಖಮಾಡಿ ತೋರಿಸಿಬಿಡುವುದು.

ಈ ಬಯಲು ವಾಸವೇ ಅದಕ್ಕೆ ಮುಳುವೂ ಆಗಿದೆ. ನೊಣಕ್ಕೆಂದು, ಹುಳಕ್ಕೆಂದು ತಂದ ಔಷಧಿಗೆ ಜೇನಿನ ಗುರುತಿಲ್ಲ. ಅಂಥ ಮೂರು ಔಷಧಿಗಳನ್ನು ಬಯಲಿನ ಬೆಳೆಗಳಿಗೆ ಬಳಸಕೂಡದೆಂದು ಯುರೋಪಿಯನ್ ಒಕ್ಕೂಟವು 2018ರಲ್ಲಿ ನಿಷೇಧಿಸಿತು. ಅವುಗಳಲ್ಲೊಂದಾದ ಇಮಿಡಾಕ್ಲೋಪ್ರಿಡ್ ನಮ್ಮಲ್ಲಿ ಸುಳಿನೊಣದ ನಿವಾರಣೆಗಾಗಿ ಜೋಳದ ಬೀಜಕ್ಕೆ ಲೇಪಿಸುವಂಥದು. ಹೂವು ಅರಳಿದಾಗ ಸಿಂಪಡಿಸದಿರುವುದೇ ಉತ್ತಮ. ಬೇರೆ ಗತಿಯಿಲ್ಲದಿದ್ದರೆ, ಜೇನುಗಳು ಹೊಲವನ್ನು ಬಿಟ್ಟ ಮೇಲೆ, ಸಂಜೆಯಲ್ಲಿ ಸಿಂಪಡಿಸಬೇಕು. ಆಗಲೂ ಕೋಲುಜೇನಿನ ಹಿಂಡು ಪೊಟರೆಯೊಳಗಿರದೆ ಬೇಲಿಯ ಕಡ್ಡಿಯ ಮೇಲೆಯೇ ಇರುವುದರಿಂದ, ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು, ಬೇಲಿಯ ಕಡೆಯ ನಾಲ್ಕಾರು ಸಾಲುಗಳನ್ನು ಬಿಟ್ಟು ಪಂಪನ್ನು ಹಿಡಿಯತಕ್ಕದ್ದು.